ಸೀಟಿನ ಕೆಳಗಿನ ಮುಡಿಪು

"ಕೈ ತೆಗೀರಿ ಮೇಡಂ. ಮುಟ್ಟಬ್ಯಾಡಿ."

ಟಿಂಕರ್ ಸ್ವಾಮಿ ಅಷ್ಟು ಮೆತ್ತಗೆ ಮಾತಾಡಿದ್ದನ್ನು ವೀಣ ಯಾವತ್ತೂ ಕೇಳಿರಲಿಲ್ಲ. ಮದ್ದೂರಿನ ಆ ಷೆಡ್ಡಿನಲ್ಲಿ ಅವನು ಬಾಯಿ ತೆಗೆದರೆ ಸುತ್ತಿಗೆಯ ಸದ್ದೇ ಅಡಗಬೇಕು, ಅಂಥ ಗಂಟಲು. ಈಗ ಸ್ಪ್ಯಾನರ್ ಹಿಡಿದ ಕೈ ಗಾಳಿಯಲ್ಲೇ ನಿಂತಿತ್ತು.

ಜೀಪಿನ ಡ್ರೈವರ್ ಸೀಟು ಆಗಲೇ ಹೊರಗೆ ಬಿದ್ದಿತ್ತು. ಸೀಟಿನ ಕೆಳಗೆ ಕೂತಿದ್ದ ಟ್ಯಾಂಕು ತುಕ್ಕು ತಿಂದು ಜರಡಿಯಾಗಿತ್ತು. ಇಬ್ಬರೂ ಆಚೀಚೆ ಹಿಡಿದು ಎತ್ತಿದಾಗ, ಅದನ್ನು ಬಿಗಿಯುವ ಕಬ್ಬಿಣದ ಪಟ್ಟಿಗೆ ಕಟ್ಟಿದ್ದ ನಿಂಬೆಹಣ್ಣಿನ ಗಾತ್ರದ ಗಂಟೊಂದು ಕಂಡಿತು. ಎಣ್ಣೆ, ಧೂಳು ಕುಡಿದು ಕಪ್ಪಾದ ಬಟ್ಟೆ. ಮಡಿಕೆಯ ಒಳಗೆ ಮಾತ್ರ ಅರಿಶಿನ ಇನ್ನೂ ಹಳದಿಯಾಗಿತ್ತು.

"ಮುಡಿಪು," ಎಂದಳು ವೀಣ.

"ಮತ್ತೆ? ಕೊಳ್ಳೇಗಾಲದ ಕಡೆ ದೇವ್ರೋ, ಇವರ ಮನೆದೇವ್ರೋ. ಯಾವನು ಏನು ಬೇಡ್ಕಂಡು ಕಟ್ಟವನೋ. ನೀವೇನೋ ಪಿತೃಪಕ್ಷದ ದಿನದಲ್ಲಿ ಗಾಡಿ ಬಿಚ್ಚಿಸ್ತೀರ. ಬ್ಯಾಡ ಅಂದೆ, ಕೇಳಿದ್ರಾ? ಈಗ ನೋಡಿ."

ಹೊರಗೆ ಮೋಡ ಮುಸುಕಿತ್ತು. ಮಧ್ಯಾಹ್ನವೇ ಸಂಜೆಯ ಹಾಗಿತ್ತು. ಕರೆಂಟು ಬೇರೆ ಹೋಗಿತ್ತು. ಮೊಬೈಲಿನ ಬೆಳಕಿನಲ್ಲಿ ವೀಣ ಗಂಟನ್ನೇ ನೋಡಿದಳು.

ಹೋದ ವಾರ ಬಾನೆಟ್ಟಿನ ಹಸಿರು ಬಣ್ಣ ಕೆರೆಯುವಾಗ ಅಡಿಯಿಂದ ಬಿಳಿಯ ಕೊಕ್ಕರೆಯೊಂದರ ಚಿತ್ರ ಎದ್ದು ಬಂದಿತ್ತು; ಅಂದಿನಿಂದ ಇದು ಬರೀ ಅವಳ ಜೀಪಾಗಿ ಉಳಿದಿರಲಿಲ್ಲ. ಎಂಟು ವರ್ಷದ ಹಿಂದೆ ಕಾಣೆಯಾದ ಕೊಕ್ಕರೆ ಬೆಳ್ಳೂರಿನ ಸಿದ್ದೇಶನ ಜೀಪಾಗಿತ್ತು. ಬಾನೆಟ್ಟಿನ ಮೇಲೆ ಕೊಕ್ಕರೆ ಬರೆಸಿಕೊಂಡು, ಪಕ್ಷಿ ನೋಡಲು ಬಂದವರನ್ನು ಹೊಳೆ ದಂಡೆಗೆ, ಗದ್ದೆ ಬದುವಿಗೆ ಕರೆದೊಯ್ಯುತ್ತಿದ್ದ ಹುಡುಗ.

ಮಂಡ್ಯದಲ್ಲಿ ವೀಣಳ ಕೆಲಸವೇ ನುಜ್ಜುಗುಜ್ಜಾದ ಗಾಡಿಗಳದು. ಅಪಘಾತವಾದ ವಾಹನವನ್ನು ನೋಡಿ, ಯಾವ ಪೆಟ್ಟು ಹಳೆಯದು, ಯಾವುದು ಹೊಸದು, ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ವಿಮೆ ಕಂಪನಿಗೆ ತಿಳಿಸುವುದು. ಅವಳಪ್ಪ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಜೀಪ್ ಡ್ರೈವರಾಗಿದ್ದವನು. ಕೆಸರುಗದ್ದೆಯಲ್ಲಿ ನಾಲ್ಕೂ ಚಕ್ರ ಎಳೆಯುವ ಗೇರನ್ನು ಮಗಳ ಕೈಯಲ್ಲೇ ಹಾಕಿಸುತ್ತಿದ್ದ. ಅಂಥದ್ದೊಂದು ನನ್ನದೂ ಅಂತ ಇರಬೇಕು ಎಂಬ ಆಸೆ ನಲವತ್ತು ಸಮೀಪಿಸಿದ ಮೇಲೆ ಈಡೇರಿತ್ತು. ಬೇರೆಯವರ ಗಾಡಿಯಾಗಿದ್ದರೆ ಕೊಳ್ಳುವ ಮೊದಲು ಬಣ್ಣದ ಅಡಿ ಬಣ್ಣ ಕೆದಕುತ್ತಿದ್ದಳು. ತನ್ನದು ಅಂದಕೂಡಲೇ ಕಣ್ಣು ಕುರುಡಾಗಿತ್ತು.

"ಸ್ವಾಮಣ್ಣ, ಜೀಪು ಮಾರುವವನು ಮುಡಿಪನ್ನು ಏನು ಮಾಡ್ತಾನೆ?"

"ಬಿಚ್ಚಿ ಎತ್ಕೊಂಡು ಓಯ್ತಾನೆ. ಹರಕೆ ಅವಂದು, ಗಾಡಿ ಜೊತೆ ಯಾವನಾದ್ರೂ ಕೊಡ್ತಾನಾ? ಕಟ್ಟಿಕೊಂಡ ಹೆಂಡ್ರನ್ನ ಮನೆ ಜೊತೆ ಮಾರಿದಂಗೆ ಆಯ್ತದೆ."

"ಅದೇ. ನನಗಿದನ್ನು ಮಾರಿದ ಮಳವಳ್ಳಿಯ ಚಲುವರಾಜು ಏನಂತಾನೆ? ಸಿದ್ದೇಶ ತಾನಾಗಿ ಬಂದ, ಜೀಪು ಮಾರಿದ, ಊರು ಬಿಟ್ಟು ಹೋದ ಅಂತಾನೆ. ಮಾರಿ ಹೋಗುವವನು ಇದನ್ನು ಬಿಟ್ಟು ಹೋಗ್ತಿದ್ದನಾ?"

ಸ್ವಾಮಿ ಟ್ಯಾಂಕಿನ ಬೋಲ್ಟುಗಳನ್ನು ಒಂದೊಂದಾಗಿ ಪಕ್ಕದ ಸ್ಟೀಲ್ ತಟ್ಟೆಗೆ ಹಾಕಿದ. ಮಳವಳ್ಳಿಯಿಂದ ಜೀಪಿನ ಜೊತೆಗೇ ಬಂದ ತಟ್ಟೆ ಅದು. ಗೌರಿ ಹಬ್ಬದ ವಾರ ಚಲುವರಾಜುವಿನ ಷೆಡ್ಡಿನಲ್ಲಿ ಬ್ಯಾಟರಿಯ ನಟ್ಟು ಬಿಚ್ಚುವಾಗ, ಒಳಕೋಣೆಯ ಮುಚ್ಚಿದ ಬಾಗಿಲ ಬದಿಗೆ ಕವುಚಿ ಬಿದ್ದಿದ್ದ ಅದನ್ನು ವೀಣಳೇ ಎತ್ತಿಕೊಂಡು, ಕೈಯನ್ನು ಚೂಡಿದಾರಕ್ಕೆ ಒರೆಸಿ, ನಟ್ಟುಗಳನ್ನು ಅದರಲ್ಲಿ ಹಾಕಿದ್ದಳು. ಆಮೇಲೆ ವಾಪಸ್ಸು ಇಡುವುದೇ ಮರೆತಿತ್ತು.

"ಗಂಟು ಬಿಚ್ಚಲ್ಲ," ಎಂದಳು ಅವಳು. "ಪಟ್ಟಿ ಕತ್ತರಿಸು. ಹೇಗೂ ಹೊಸದು ಹಾಕಬೇಕಲ್ಲ."

ಸ್ವಾಮಿ ಚಪ್ಪಲಿ ಬಿಟ್ಟು ಬಂದು ಪಟ್ಟಿ ಕತ್ತರಿಸಿದ. ಗಂಟು ಅವಳ ಕರವಸ್ತ್ರದೊಳಗೆ ಬಿತ್ತು. ಬಟ್ಟೆಯ ಮೇಲಿಂದಲೇ ಹೆಬ್ಬೆರಳಾಡಿಸಿದಳು. ಒಂದು ಗುಂಡಗಿನ ಕಾಸು, ಒಣಗಿದ ಅರಿಶಿನದ ಕೊಂಬು. ಕಾಸಿನ ಬೆನ್ನಿಗೆ ಇನ್ನೊಂದೇನೋ. ಅದರ ಅಂಚು ನುಣುಪಾಗಿರಲಿಲ್ಲ. ಮೂಲೆ ಮೂಲೆಯಾಗಿ ಬೆರಳಿಗೆ ತಗುಲಿತು.

"ಸಿದ್ದೇಶನ ಅವ್ವನ ತಾವಕ್ಕೆ ಸೀದಾ ಓಗಿ," ಎಂದ ಸ್ವಾಮಿ.

"ಮೊದಲು ಮಳವಳ್ಳಿ."

ಆ ತಾಯಿಯ ಮುಖ ನೆನೆದೇ ಅವಳು ಹಾಗೆ ಹೇಳಿದ್ದು. ಕೊಕ್ಕರೆಯ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಲು ಹೋದ ದಿನ ಮಾಯಮ್ಮ ಅಳಲಿಲ್ಲ, ಕೂಗಲಿಲ್ಲ. ಒಂದೇ ಮಾತು ಕೇಳಿದ್ದಳು. "ಎಂಟು ವರ್ಸದಿಂದ ಪಕ್ಷದ ಅಮಾಸೆಗೆ ಇವನ ಹೆಸ್ರಲ್ಲಿ ಎಡೆ ಇಕ್ಕಿಲ್ಲ ಕಣವ್ವ. ಇದ್ದೋನಿಗೆ ಎಡೆ ಇಕ್ಕಿದ್ರೆ ಕೊಂದಂಗೆ. ಸತ್ತೋನಿಗೆ ಇಕ್ಕದೆ ಓದ್ರೆ ಉಪಾಸ ಕೆಡವಿದಂಗೆ. ಈ ವರ್ಸ ಇಕ್ಕಲೇಬೇಕು ಅಂತಾವ್ನೆ ನಮ್ಮೆಜಮಾನ. ಇಕ್ಕಲೋ ಬ್ಯಾಡವೋ, ಅಷ್ಟು ಯೋಳ್ಬುಡು ಸಾಕು."

ನಾಳೆಯೇ ಅಮಾವಾಸ್ಯೆ.

*

ಮಳವಳ್ಳಿ ದಾಟಿದ ಮೇಲೆ ಕಬ್ಬಿನ ಗದ್ದೆಗಳ ನಡುವೆ ಚಲುವರಾಜುವಿನ ಆಲೆಮನೆ. ಹೊಗೆ ಮೇಲೇಳಲಾರದೆ ಮೋಡದ ಕೆಳಗೆ ಮಲಗಿತ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ಸಿಹಿ ವಾಸನೆ ರಸ್ತೆಯವರೆಗೂ ಬಂದಿತ್ತು.

ಆಲೆಮನೆಯ ಹಿಂದೆ ಆ ಷೆಡ್ಡು. ತಗಡಿನ ಬಾಗಿಲು, ಅಂಗೈಯಗಲದ ಬೀಗ. ಸ್ಕೂಟರ್ ನಿಲ್ಲಿಸುತ್ತಲೇ ಅವಳ ಕಣ್ಣು ಅತ್ತ ಹೋಯಿತು. ಚಲುವರಾಜು ಎಲ್ಲಿಂದಲೋ ಬಂದು ಅದಕ್ಕೂ ಅವಳಿಗೂ ನಡುವೆ ನಿಂತ. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆ ಜೇಬಿನಲ್ಲಿ ಎರಡು ಮೊಬೈಲು.

"ಏನ್ ಮೇಡಂ, ಜೀಪು ಕೈಕೊಡ್ತಾ? ಒಂದ್ಸಲ ಮಾರಿದ ಮ್ಯಾಕೆ ನಾನು ಜವಾಬ್ದಾರ ಅಲ್ಲ, ಆವತ್ತೇ ಯೋಳಿದ್ದೀನಿ."

"ಜೀಪು ಚೆನ್ನಾಗಿದೆ. ಸಿದ್ದೇಶನ ವಿಷಯ ಕೇಳೋಕೆ ಬಂದೆ."

"ಅಯ್ಯ, ಅದೇ ರಾಗ. ಬಂದ. ಜೀಪು ಬುಟ್ಟ. ಕಾಸು ಇಸ್ಕಂಡ. ಓದ. ಎಲ್ಲಿಗೆ ಅಂತ ಕೇಳೋಕೆ ನಾನೇನು ಅವನ ಸ್ವಾದರಮಾವನಾ?"

"ಚಿತ್ರದ ಮೇಲೆ ಬಣ್ಣ ಯಾಕೆ ಹೊಡೆಸಿದ್ರಿ?"

"ಕೊಕ್ಕರೆ ಬರೆದಿರೋ ಜೀಪಲ್ಲಿ ಮದುವೆ ಮನೆಗೆ ಓಗಕಾಯ್ತದಾ? ಊರವರು ನಗಲ್ವಾ?"

"ಹೋಗಿದ್ರಾ? ಮದುವೆ ಮನೆಗೆ?"

ಅವನು ತಡವರಿಸಿದ. "ಇಲ್ಲ. ಬಣ್ಣ ಹೊಡ್ಸಿದ ಮ್ಯಾಕೆ ಇಂಜಿನ್ನು ಕೆಡ್ತು. ಒಳಗೆ ತಳ್ಳಿ ಬೀಗ ಹಾಕ್ದೆ."

ವೀಣ ಕರವಸ್ತ್ರ ಬಿಡಿಸಿ ಗಂಟನ್ನು ಅಂಗೈ ಮೇಲಿಟ್ಟುಕೊಂಡು ಅವನತ್ತ ಚಾಚಿದಳು.

ಚಲುವರಾಜು ಒಂದು ಹೆಜ್ಜೆ ಹಿಂದೆ ಸರಿದ. ಅವನ ಎರಡೂ ಪಾದ, ಅವನಿಗೇ ಗೊತ್ತಿಲ್ಲದ ಹಾಗೆ, ಚಪ್ಪಲಿಯಿಂದ ಹೊರಗೆ ಬಂದವು.

"ಅದನ್ಯಾಕೆ ತೆಗುದ್ರಿ ಅಲ್ಲಿಂದ?"

"ಎಲ್ಲಿಂದ?"

"ಸೀಟ್ ಕೆಳ್ಗಿಂದ. ಇನ್ನೆಲ್ಲಿಂದ?" ಅಂದುಬಿಟ್ಟ. ಆಮೇಲೆ ಅವನೇ ಸಾವರಿಸಿಕೊಂಡ. "ನಿಮಗೆ ಗಾಡಿ ತೋರ್ಸೋ ಮುಂಚೆ ಟ್ಯಾಂಕು ಸೋರ್ತದಾ ಅಂತ ಸೀಟು ಎತ್ತಿ ನೋಡ್ದೆ. ಪಟ್ಟಿ ಸಂದೀಲಿ ಇತ್ತು. ಮಂದಿ ಮುಡಿಪು, ನಾನ್ಯಾಕೆ ಮುಟ್ಲಿ. ಮಕ್ಕಳು ಮರಿ ಇರೋನು."

ಅದು ಸುಳ್ಳಲ್ಲ ಎಂದು ವೀಣಳಿಗೆ ಅನಿಸಿತು. ಹೆದರಿಕೆ ಮುಖದಲ್ಲಿತ್ತು. ಬಾನೆಟ್ಟಿನ ಮೇಲಿನ ಕೊಕ್ಕರೆಯನ್ನು ಅಳಿಸಿದವನು, ಸೀಟಿನ ಕೆಳಗಿನ ಬಟ್ಟೆ ತುಂಡಿಗೆ ಕೈ ಹಚ್ಚಲಾರದೆ ಹೋಗಿದ್ದ. ಈ ಸೀಮೆಯಲ್ಲಿ ಎಂಥ ಗಟ್ಟಿ ಎದೆಯವನೂ ಇನ್ನೊಬ್ಬರ ಮುಡಿಪಿನ ಮುಂದೆ ಮಗುವಾಗುತ್ತಾನೆ.

"ಹರಕೆ ಹೊತ್ತವನು ಮುಡಿಪು ಬಿಟ್ಟು ಜೀಪು ಮಾರ್ತಾನಾ, ಚಲುವರಾಜು?"

"ಮರ್ತಿರ್ತಾನೆ."

"ಅಥವಾ ಇದು ಅವನದೇ ಅಲ್ವೇನೋ. ನಿಮ್ಮ ಷೆಡ್ಡಿನಲ್ಲಿ ಇದ್ದಾಗ ಬೇರೆ ಯಾರಾದ್ರೂ ಕಟ್ಟಿರಬಹುದಾ? ಆಲೆಮನೆ ಆಳುಗಳು?"

ಅವಳು ಬೇಕೆಂದೇ ಕೇಳಿದ್ದು. ಬೇರೆಯವರ ಮೇಲೆ ಹಾಕಲು ಅವನಿಗೊಂದು ದಾರಿ ಬಿಟ್ಟುಕೊಟ್ಟು ನೋಡೋಣ ಎಂದು. ಆದರೆ ಅವನು ಆ ದಾರಿ ಹಿಡಿಯಲಿಲ್ಲ. ಷೆಡ್ಡಿನ ಮಾತು ಬಂದದ್ದೇ ತಡ, ದನಿ ಏರಿತು.

"ಯಾರು ಕಟ್ತಾರೆ? ಬೀಗ ಹಾಕಿದೋನು ನಾನು. ಕೀಲಿ ಇಲ್ಲೇ ಅದೆ ನೋಡಿ, ನನ್ನ ಉಡುದಾರದಲ್ಲಿ. ಅವನು ಬುಟ್ಟೋದ ವರ್ಸ ಹಾಕಿದ ಬೀಗ, ನಿಮಗೆ ತೋರ್ಸೋ ವಾರ ತೆಗೆದಿದ್ದು. ನಡುವೆ ಒಂದು ನರಪಿಳ್ಳೆ ಒಳಕ್ಕೋಗಿಲ್ಲ. ಬೇಕಾದ್ರೆ ಆಣೆ ಇಕ್ಕಿಸಿ."

"ಯಾರೂ ಹೋಗಿಲ್ಲ."

"ಗಾಳಿ ಸೈತ ಓಗಿಲ್ಲ."

"ಅದ್ಯಾಕೋ ಹಂಗೆ ಅರಚ್ತಿಯಾ, ಬಂದೋರ ಮುಂದೆ?" ಎನ್ನುತ್ತ ಅವನ ತಾಯಿ ಹೊಂಬಾಳಮ್ಮ ಕಾಫಿ ಲೋಟ ಹಿಡಿದು ಬಂದಳು. ಬಾಗಿದ ಬೆನ್ನು, ತುಂಬು ಕುಂಕುಮ. ವೀಣಳ ಅಂಗೈ ಮೇಲಿನ ಗಂಟು ಕಂಡದ್ದೇ ಲೋಟ ಕೆಳಗಿಟ್ಟು ಕೆನ್ನೆ ಬಡಿದುಕೊಂಡಳು. "ಯಾರದವ್ವ ಇದು?"

"ಗೊತ್ತಿಲ್ಲಮ್ಮ. ಕಟ್ಟಿದವರಿಗೆ ಕೊಡೋಕೆ ಹೊರಟಿದ್ದೀನಿ."

"ಕೊಡು. ಬ್ಯಾಗನೆ ಕೊಟ್ಬುಡು. ಬ್ಯಾರೆಯೋರ ಹರಕೆ ಮನೇಲಿ ಇಟ್ಕಂಡ್ರೆ ಅನ್ನ ಅರಗಕಿಲ್ಲ." ಮುದುಕಿಯ ಕಣ್ಣು ಮಗನ ಕಡೆ ಹೋಗಿ, ಬಗ್ಗಿತು. ಆಮೇಲೆ ಮನೆಮಾತಿನ ಹಾಗೆ ಕೇಳಿದಳು, "ಅಂಗೇ ನಮ್ಮದೊಂದು ಸ್ಟೀಲ್ ತಟ್ಟೆ ನಿನ್ನ ಜೀಪಲ್ಲಿ ಬಂದ್ಬುಟ್ಟದಂತೆ. ಈ ಕಡೆ ಬಂದಾಗ ತಂದ್ಕೊಡವ್ವ. ದಿನಾ ಉಣ್ಣೋ ಹೊತ್ತಿಗೆ ಒಂದು ಕಮ್ಮಿ ಬೀಳ್ತದೆ."

"ಅವ್ವ, ಒಳಕ್ಕೋಗು," ಎಂದ ಚಲುವರಾಜು.

"ತಟ್ಟೆ ಕೇಳ್ದೆ ಕಣ್ಲಾ, ತಲೆ ಕೇಳ್ಲಿಲ್ಲ."

"ಒಳಕ್ಕೋಗು ಅಂದೆ."

ಮುದುಕಿ ಗೊಣಗುತ್ತ ಹೋದಳು. ಚಲುವರಾಜು ಚಪ್ಪಲಿ ಮೆಟ್ಟಿಕೊಂಡ. ಅವನ ದನಿ ಮತ್ತೆ ತಣ್ಣಗಾಗಿತ್ತು.

"ಮೇಡಂ, ಒಂದು ಮಾತು. ನಿಮ್ಮ ಮೊದಲನೇ ಜೀಪು, ಆಸೆಯಿಂದ ತಕಂಡಿದ್ದೀರಿ. ಬಣ್ಣ ಹೊಡ್ಸಿ, ಓಡಾಡಿ, ಚಂದಾಗಿರಿ. ಇದನ್ನ ಸ್ಟೇಷನ್ ಗಂಟ ಎಳೆದ್ರೆ ಜೀಪು ಅಲ್ಲೇ ಆವರಣದಲ್ಲಿ ತುಕ್ಕು ಹಿಡೀತದೆ. ಸಾಕ್ಷಿಗೆ ಅಂತ ನಿಂತ ಗಾಡಿ ಯಾವತ್ತಾದ್ರೂ ವಾಪಸ್ಸು ಬಂದದ್ದು ನೋಡಿದ್ದೀರಾ? ನಿಮಗೆ ಗೊತ್ತಿರೋ ಕೆಲಸವೇ."

ಗೊತ್ತಿತ್ತು. ಮಳೆಬಿಸಿಲಿಗೆ ಹುಲ್ಲು ಬೆಳೆದ ಅಂಥ ಎಷ್ಟೋ ಗಾಡಿಗಳ ಫೋಟೋ ಅವಳೇ ತೆಗೆದಿದ್ದಳು.

ಕಾಫಿ ಕುಡಿಯದೆ ಹೊರಟಳು. ಕನ್ನಡಿಯಲ್ಲಿ ನೋಡಿದರೆ ಚಲುವರಾಜು ಷೆಡ್ಡಿನ ಬೀಗವನ್ನು ಎಳೆದು ನೋಡುತ್ತಿದ್ದ.

*

ಕೊಕ್ಕರೆ ಬೆಳ್ಳೂರು ಸೇರಿದಾಗ ದೀಪ ಹಚ್ಚುವ ಹೊತ್ತು. ಹಕ್ಕಿಗಳ ಕಾಲವಲ್ಲ. ಹುಣಸೆಮರಗಳ ತುದಿಯಲ್ಲಿ ಹೋದ ಸಲದ ಗೂಡುಗಳು ಕಡ್ಡಿ ಕಡ್ಡಿಯಾಗಿ ಜೋತು ಬಿದ್ದಿದ್ದವು. ಬಾಣಂತನಕ್ಕೆ ಬರುವ ಹೆಣ್ಣುಮಕ್ಕಳು ಅಂತ ಈ ಊರು ಕೊಕ್ಕರೆಗಳನ್ನು ಕರೆಯುತ್ತದೆ. ಹೆಣ್ಣುಮಕ್ಕಳು ಹೋದ ಮೇಲಿನ ಮನೆಯ ಹಾಗೆ ಬೀದಿ ಬಿಕೋ ಎನ್ನುತ್ತಿತ್ತು.

ಜಗುಲಿಯ ಮೇಲೆ ಸಿದ್ದೇಶನ ಅಪ್ಪ ಕೆಂಪಸಿದ್ದಯ್ಯ ಕೂತಿದ್ದ. ಪಕ್ಕದಲ್ಲಿ ಮದ್ದೂರಿನಿಂದ ತಂದ ಹೊಸ ಪಂಚೆ, ನೀಲಿ ಅಂಗಿ. ಅಂಗಿಯ ಕಾಲರಿನಲ್ಲಿ ರಟ್ಟು ಇನ್ನೂ ಹಾಗೇ ಇತ್ತು. ಎಡೆಯ ಮುಂದೆ ಇಡುವ ಬಟ್ಟೆ.

"ಬಾರವ್ವ," ಎಂದ. "ನೀಲಿ ಅಂದ್ರೆ ಅವನಿಗೆ ಆಸೆ. ಅಳತೆ ಗೊತ್ತಾಗ್ನಿಲ್ಲ. ಎಂಟು ವರ್ಸದ ಹಿಂದ್ಲು ಅಳತೆಗೇ ತಂದೆ."

ವೀಣ ಒಳಗೆ ಹೋದಳು. ಅಡುಗೆಮನೆಯಲ್ಲಿ ಮಾಯಮ್ಮ ನಾಳೆಯ ಎಡೆಗೆ ಅಕ್ಕಿ ಆರಿಸುತ್ತಿದ್ದಳು. ವೀಣ ಕರವಸ್ತ್ರ ಬಿಡಿಸಿದಳು.

ಮಾಯಮ್ಮನ ಕೈಯಿಂದ ಮೊರ ಜಾರಿತು.

"ಎಲ್ಲಿತ್ತು?"

"ಸೀಟಿನ ಕೆಳಗೆ."

"ಅಲ್ಲೇ ಮಡಗಿದ್ದ. ಜೀಪು ತಂದ ದಿನ ನಾನೇ ಕಟ್ಟಿಕೊಟ್ಟೆ, ನನ್ನ ಹಳೇ ಸೀರೆ ಅಂಚಲ್ಲಿ." ಅವಳು ಬಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜಿದಳು. ಕೊಳೆಯ ಕೆಳಗೆ ಕೆಂಪು ಎಳೆ ಕಂಡಿತು. "ಹಂಗಾದ್ರೆ ಅವನು ಮಾರಿಲ್ಲ. ಬುಟ್ಟೋಗಿಲ್ಲ. ಊರವರೆಲ್ಲ ಏನೇನಂದ್ರು ನನ್ನ ಮಗನ್ನ." ಬಾಗಿಲಲ್ಲಿ ನಿಂತಿದ್ದ ಗಂಡನ ಕಡೆ ತಿರುಗಿದಳು. "ಮುಡಿಪು ಬುಟ್ಟು ಓಗವ್ನೆ ಅಂದ್ರೆ ಬದುಕಿಲ್ಲ. ನೀ ಅಂದದ್ದೇ ಸರಿ ಕಣ. ಎಡೆ ಇಕ್ಕುವ."

"ಬಿಚ್ಚಿ ನೋಡಮ್ಮ," ಎಂದಳು ವೀಣ. "ಕಟ್ಟಿದ ಕೈಯೇ ಬಿಚ್ಚಬೇಕು ಅಂತ ಹಾಗೇ ತಂದಿದ್ದೀನಿ."

ದೇವರ ಗೂಡಿನ ದೀಪದ ಮುಂದೆ ಮಾಯಮ್ಮ ಗಂಟಿಗೆ ಉಗುರು ಹಾಕಿದಳು. ಹಾಕಿದವಳು ನಿಂತಳು. ಗಂಟನ್ನು ದೀಪಕ್ಕೆ ಹಿಡಿದು ಆ ಕಡೆ, ಈ ಕಡೆ ತಿರುಗಿಸಿದಳು.

"ಇದು ನಾ ಹಾಕಿದ ಗಂಟಲ್ಲ."

"ಮತ್ತೆ?"

"ನಾನು ಬಲಕ್ಕೆ ಸುತ್ತೀನಿ. ಇದು ಎಡಕ್ಕೆ ಸುತ್ತಿರೋದು." ಅವಳ ಬೆರಳು ಆ ಸುತ್ತಿನ ಮೇಲೆ ಹೋಯಿತು. "ಎಡಗೈಯಲ್ಲಿ ಉಣ್ತಾನೆ ಅಂತ ಎಷ್ಟು ಹೊಡೆದಿದ್ದೀನಿ ಅವನಿಗೆ. ಬುಡ್ಲಿಲ್ಲ. ಸೊಪ್ಪಿನ ಹೊರೆ ಕಟ್ಟಿದ್ರೂ ಹಿಂಗೇ. ಇದು ನನ್ನ ಮಗನ ಗಂಟು."

ಬಟ್ಟೆ ಬಿಚ್ಚಿಕೊಂಡಿತು. ಕೊಂಬು ಅರಿಶಿನ. ಅವಳು ಇಟ್ಟಿದ್ದ ಒಂದು ರೂಪಾಯಿ, ಮಸುಕಾಗಿ. ಅದರ ಬೆನ್ನಿಗೆ ಅಂಟಿದ್ದ ಇನ್ನೊಂದು ನಾಣ್ಯ.

ನಡುವೆ ಹಳದಿ, ಸುತ್ತ ಬಿಳಿ, ಅಂಚಿನಲ್ಲಿ ಮೂಲೆ ಮೂಲೆ. ಇಪ್ಪತ್ತು ರೂಪಾಯಿ.

"ಇದನ್ನ ನಾನು ಇಕ್ಕಿಲ್ಲ," ಎಂದಳು ಮಾಯಮ್ಮ. "ಇಂಥ ಕಾಸು ಆಗೆಲ್ಲಿತ್ತು?"

ಇರಲಿಲ್ಲ. ವೀಣ ಆ ನಾಣ್ಯವನ್ನು ಮೊದಲು ನೋಡಿದ್ದು ಕೊರೊನಾ ವರ್ಷದಲ್ಲಿ, ಮಂಡ್ಯದ ಔಷಧಿ ಅಂಗಡಿಯವನು ಚಿಲ್ಲರೆ ಕೊಟ್ಟಾಗ. ಅದಕ್ಕೂ ಮೂರು ವರ್ಷ ಮೊದಲೇ ಸಿದ್ದೇಶ ಕಾಣೆಯಾಗಿದ್ದ. ನಾಣ್ಯವನ್ನು ದೀಪದ ಹತ್ತಿರ ಹಿಡಿದು ಇಸವಿ ಓದಿದಳು. ಸಂಶಯವೇ ಇರಲಿಲ್ಲ.

"ಹರಕೆ ಮ್ಯಾಲೆ ಹರಕೆ ಕಟ್ಟವ್ನೆ," ಎಂದಳು ಮಾಯಮ್ಮ. ಕಣ್ಣೀರು ಕೆನ್ನೆಗಿಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. "ಕಷ್ಟ ಬಂದೋರು ಹಳೇ ಮುಡಿಪಿಗೇ ಇನ್ನೊಂದು ಕಾಸು ಸೇರಿಸ್ತಾರೆ. ಅವನಿಗೇನೋ ಕಷ್ಟ ಬಂದದೆ. ಬದುಕವ್ನೆ ಕಣವ್ವ, ನನ್ನ ಮಗ ಬದುಕವ್ನೆ."

ಎದ್ದು ಹೋಗಿ ಜಗುಲಿಯ ಮೇಲಿದ್ದ ನೀಲಿ ಅಂಗಿಯನ್ನು ಎತ್ತಿಕೊಂಡು ಎದೆಗೆ ಅವುಚಿಕೊಂಡಳು. "ಎಡೆ ಇಕ್ಕಕಿಲ್ಲ. ಇದನ್ನ ಅವನೇ ಬಂದು ತೊಟ್ಕಳ್ಳಿ."

ಕೆಂಪಸಿದ್ದಯ್ಯ ಗೋಡೆ ಹಿಡಿದು ಮೆಲ್ಲಗೆ ಕೂತ. "ಎಲ್ಲವ್ನೆ ಮತ್ತೆ? ಕೇಳು ಅವಳನ್ನ. ಎಲ್ಲವ್ನಂತೆ?"

ವೀಣ ನಾಣ್ಯವನ್ನು ಬಿಚ್ಚಿದ ಬಟ್ಟೆಯ ಮೇಲಿಟ್ಟಳು.

ಗಂಟು ಸಿದ್ದೇಶನದು. ಕಾಸು ಅವನು ಕಾಣೆಯಾದ ಎಷ್ಟೋ ಕಾಲದ ಮೇಲಿನದು. ಆ ಅಷ್ಟೂ ಕಾಲ ಜೀಪು ಇದ್ದದ್ದು ಒಂದೇ ಕಡೆ. ಅಲ್ಲಿಗೆ ಯಾರೂ ಹೋಗಿಲ್ಲ, ಕೀಲಿ ನನ್ನ ಉಡುದಾರದಲ್ಲಿದೆ ಎಂದು ಆಣೆ ಇಡಲು ನಿಂತವನು ಚಲುವರಾಜು. ಹೊರಗಿಂದ ಯಾರೂ ಒಳಗೆ ಹೋಗಿರದಿದ್ದರೆ, ಗಂಟು ಕಟ್ಟಿದವನು ಒಳಗೇ ಇದ್ದ.

ಮುದುಕಿಯ ಮಾತು ಕಿವಿಯಲ್ಲಿ ಮರಳಿ ಕೇಳಿಸಿತು. ದಿನಾ ಉಣ್ಣೋ ಹೊತ್ತಿಗೆ ಒಂದು ಕಮ್ಮಿ ಬೀಳ್ತದೆ.

ದಿನಾ ಬೇಕಾಗುವ ತಟ್ಟೆ, ಎಂಟು ವರ್ಷ ಬೀಗ ತೆಗೆಯದ ಷೆಡ್ಡಿನಲ್ಲಿ ಏನು ಮಾಡುತ್ತಿತ್ತು?

ವೀಣ ತನ್ನ ಬಲಗೈಯನ್ನು ನೋಡಿಕೊಂಡಳು. ಗೌರಿ ಹಬ್ಬದ ವಾರ ಆ ತಟ್ಟೆಯನ್ನು ಎತ್ತಿಕೊಂಡ ಕೈ. ಎತ್ತಿದ್ದೇ ಚೂಡಿದಾರಕ್ಕೆ ಒರೆಸಿಕೊಂಡಿದ್ದಳು, ಯಾಕೆ ಅಂತ ಆವತ್ತು ಯೋಚಿಸಿರಲಿಲ್ಲ.

ತಟ್ಟೆ ಒದ್ದೆಯಾಗಿತ್ತು. ಯಾರೋ ಆಗಷ್ಟೇ ಉಂಡು, ತೊಳೆದು, ಕವುಚಿ ಇಟ್ಟಿದ್ದರು.